ಕಾವಸಾಕಿ: ಜ್ವರ ಇಳಿದರೂ ಮುಗಿಯದ ಕಾಯಿಲೆ

ಐದು ವರ್ಷದೊಳಗಿನ ಮಗುವಿಗೆ ಐದು ದಿನ ಕಳೆದರೂ ಬಿಡದ ಜ್ವರ. ಕೆಂಪಾದ ಕಣ್ಣು, ಬಿರಿದ ತುಟಿ, ಮೈಮೇಲೆ ದದ್ದು, ಅಂಗೈ ಅಂಗಾಲುಗಳಲ್ಲಿ ಊತ. ದಡಾರವೆಂದೋ ಔಷಧಿಯ ಅಲರ್ಜಿಯೆಂದೋ ಚಿಕಿತ್ಸೆ ನಡೆಯುತ್ತದೆ. ಎರಡು ಮೂರು ವಾರಗಳಲ್ಲಿ ಜ್ವರ ತಾನಾಗಿಯೇ ಇಳಿದು, ಬೆರಳ ತುದಿಯ ಚರ್ಮ ಸುಲಿಯುತ್ತದೆ. ಮನೆಮಂದಿ ಸಮಾಧಾನದ ಉಸಿರು ಬಿಡುತ್ತಾರೆ.

ಟೋಕಿಯೊದ ರೆಡ್ ಕ್ರಾಸ್ ಆಸ್ಪತ್ರೆಯ ಮಕ್ಕಳ ವೈದ್ಯ ಡಾ. ತೊಮಿಸಾಕು ಕಾವಸಾಕಿ ಇಂಥ ಮೊದಲ ಮಗುವನ್ನು ಕಂಡದ್ದು 1961ರಲ್ಲಿ. 50 ಮಕ್ಕಳ ವಿವರವನ್ನು 1967ರಲ್ಲಿ ಪ್ರಕಟಿಸಿದಾಗ, ಇದು ತಾನಾಗಿ ವಾಸಿಯಾಗುವ ಕಾಯಿಲೆಯೆಂದೇ ಅವರು ಭಾವಿಸಿದ್ದರು. ಆದರೆ ಚೇತರಿಸಿಕೊಂಡಿದ್ದ ಕೆಲವು ಮಕ್ಕಳು ಹಠಾತ್ತನೆ ಮೃತಪಟ್ಟಿದ್ದು 1970ರಲ್ಲಿ ಜಪಾನ್ ನಡೆಸಿದ ಮೊದಲ ರಾಷ್ಟ್ರವ್ಯಾಪಿ ಸಮೀಕ್ಷೆಯಲ್ಲಿ ಬೆಳಕಿಗೆ ಬಂತು. ಹೃದಯಕ್ಕೆ ರಕ್ತ ಪೂರೈಸುವ ಕರೋನರಿ ನಾಳಗಳೇ ಈ ಕಾಯಿಲೆಯ ಗುರಿಯೆಂಬುದು ಅನಂತರ ಸ್ಪಷ್ಟವಾಯಿತು. ಕಾಯಿಲೆಗೆ ಮೂಲ ಕಾರಣ ಯಾವುದೆಂಬುದು ಮಾತ್ರ ಡಾ. ಕಾವಸಾಕಿ 2020ರಲ್ಲಿ ನಿಧನರಾದಾಗಲೂ ಪತ್ತೆಯಾಗಿರಲಿಲ್ಲ, ಇಂದಿಗೂ ಪತ್ತೆಯಾಗಿಲ್ಲ.

ಚಿಕಿತ್ಸೆ ಸಿಗದಿದ್ದರೆ ಸುಮಾರು ನಾಲ್ಕರಲ್ಲಿ ಒಂದು ಮಗುವಿನ ಕರೋನರಿ ನಾಳಕ್ಕೆ ಹಾನಿಯಾಗುತ್ತದೆ. ಮೊದಲ 10 ದಿನಗಳೊಳಗೆ ಇಮ್ಯುನೊಗ್ಲಾಬ್ಯುಲಿನ್ ನೀಡಿದರೆ ಈ ಪ್ರಮಾಣ ಶೇ 5ರ ಆಸುಪಾಸಿಗೆ ಇಳಿಯುತ್ತದೆ. ಮಗುವಿನ ಪ್ರತಿ ಕಿಲೋ ತೂಕಕ್ಕೆ 2 ಗ್ರಾಂ ಬೇಕಾಗುವ ಈ ಔಷಧಿ ದುಬಾರಿ. ರೋಗ ಗುರುತಿಸುವುದೇ ತಡವಾದರೆ ಹಣವಿದ್ದೂ ಪೂರ್ಣ ಪ್ರಯೋಜನವಿಲ್ಲ.

ಉರಿಯೂತದಿಂದ ದುರ್ಬಲಗೊಂಡ ನಾಳದ ಗೋಡೆ ಬಲೂನಿನಂತೆ ಉಬ್ಬುತ್ತದೆ. ಅಲ್ಲಿ ರಕ್ತದ ಹರಿವು ನಿಧಾನವಾಗಿ ಹೆಪ್ಪುಗಟ್ಟುವ ಭೀತಿಯಿರುತ್ತದೆ. ಅರ್ಧಕ್ಕಿಂತ ಹೆಚ್ಚು ಉಬ್ಬುಗಳು ಒಂದೆರಡು ವರ್ಷಗಳಲ್ಲಿ ಕುಗ್ಗುವುದು ನಿಜ. ಆದರೆ ಎಕೋ ಪರೀಕ್ಷೆಯಲ್ಲಿ ಸಹಜವಾಗಿ ಕಾಣುವ ಆ ನಾಳದ ಒಳಪದರ ದಪ್ಪಗಾಗಿಯೇ ಉಳಿದಿರುತ್ತದೆ. ಅದನ್ನು ಪೂರ್ಣ ಗುಣವೆನ್ನಲಾಗದು. 8 ಮಿಲಿಮೀಟರ್ ಮೀರಿದ ದೈತ್ಯ ಉಬ್ಬುಗಳಂತೂ ಮೊದಲಿನ ಸ್ಥಿತಿಗೆ ಮರಳುವುದು ಅಪರೂಪ. ವರ್ಷಗಳುರುಳಿದಂತೆ ಅವುಗಳ ಎರಡೂ ತುದಿಗಳಲ್ಲಿ ನಾಳ ಕಿರಿದಾಗುತ್ತದೆ, ಕ್ಯಾಲ್ಸಿಯಂ ಕಟ್ಟಿಕೊಳ್ಳುತ್ತದೆ. ಇಪ್ಪತ್ತು ಮೂವತ್ತರ ಹರೆಯದಲ್ಲಿ ಹೃದಯಾಘಾತವಾಗಬಹುದು. ಕೊಲೆಸ್ಟರಾಲ್ ಸಹಜವಾಗಿರುವ, ಸಿಗರೇಟು ಮುಟ್ಟದ ಯುವಕನಿಗೆ ಎದೆನೋವು ಬಂದಾಗ, ಬಾಲ್ಯದ ಜ್ವರದ ಬಗ್ಗೆ ಕೇಳುವವರು ಎಷ್ಟು ಮಂದಿ?

ಭಾರತದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಚಂಡೀಗಢದ ಪಿಜಿಐ 1990ರ ದಶಕದಿಂದಲೇ ಇಂಥ ಮಕ್ಕಳನ್ನು ಗುರುತಿಸುತ್ತ ಬಂದಿದೆ. ಆದರೆ ಜಪಾನಿನಂತೆ ದಶಕಗಳಿಂದ ನಡೆದುಬಂದ ರಾಷ್ಟ್ರವ್ಯಾಪಿ ಸಮೀಕ್ಷೆ ಇಲ್ಲಿಲ್ಲ. ಅಂದು ಚಿಕಿತ್ಸೆ ಪಡೆದವರು ಇಂದು ವಯಸ್ಕರು. ಮಕ್ಕಳ ವೈದ್ಯರ ಕಡತ ಹೃದ್ರೋಗ ತಜ್ಞರ ಮೇಜಿಗೆ ತಲುಪುವ ವ್ಯವಸ್ಥೆ ದುರ್ಬಲ.

ಎಲ್ಲ ಪೋಷಕರೂ ಗಾಬರಿಯಾಗಬೇಕಿಲ್ಲ. ಎಂದೂ ನಾಳ ಹಿಗ್ಗದ ಮಕ್ಕಳನ್ನು ಒಂದು ವರ್ಷದೊಳಗೆ ಹೃದಯ ತಪಾಸಣೆಯಿಂದ ಬಿಡುಗಡೆ ಮಾಡಬಹುದೆಂದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ 2017ರ ಮಾರ್ಗಸೂಚಿ ಹೇಳುತ್ತದೆ. ಉಬ್ಬು ಕಂಡವರಿಗೆ ಮಾತ್ರ ತಪಾಸಣೆ ಜೀವನಪರ್ಯಂತ. ಅವರ ಮೊದಲ ಎಕೋ ವರದಿ, ನಾಳದ ಅತಿ ಹೆಚ್ಚಿನ ಅಳತೆಯ ಸಮೇತ, ಲಸಿಕೆ ಕಾರ್ಡಿನೊಂದಿಗೆ ಮನೆಯಲ್ಲಿ ಇರಲೇಬೇಕು.