ಮನೆಯ ಬೆಲೆ ಮತ್ತು ದಲಾಲನ ಹೊಣೆ

ಗಿರಣಿಯ ಕೆಲಸಗಾರನಿಗಾಗಲಿ ಬಜಾರದ ಚಿಕ್ಕ ಅಂಗಡಿಕಾರನಿಗಾಗಲಿ ಬಾಳಿನಲ್ಲಿ ಗಳಿಸಿದ ಆಸ್ತಿಯೆಂದರೆ ತಲೆಯ ಮೇಲಿನ ಸೂರೊಂದೇ. ಅದನ್ನು ಆತ ಲಾಭಕ್ಕಾಗಿ ಮಾರುವುದಿಲ್ಲ. ಮಗಳ ಮದುವೆ, ಮನೆಯಲ್ಲಿ ಬೇನೆ, ಕೈಗಡದ ಬಡ್ಡಿ, ನಿಂತುಹೋದ ಕೆಲಸ, ಇವುಗಳಲ್ಲೊಂದು ಬೆನ್ನು ಹತ್ತಿದಾಗ ಮಾರುತ್ತಾನೆ. ಆಗ ಆತ ದಲಾಲನ ಬಳಿಗೆ ಹೋಗಿ ಮೊದಲು ಕೇಳುವ ಮಾತು: "ಮನೆಗೆ ಎಷ್ಟು ಬಂದೀತು?" ಈ ಪ್ರಶ್ನೆಗೆ ನಿಜವಾದ ಉತ್ತರ ಕೊಡುವುದೇ ದಲಾಲನ ಮೊದಲ ಕರ್ತವ್ಯವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಗಿರಾಕಿ ತರುವುದು, ಕಾಗದ ಮಾಡಿಸುವುದು ಆಮೇಲಿನ ಕೆಲಸ.

ಸುಳ್ಳು ಉತ್ತರದಲ್ಲಿ ಎರಡು ಬಗೆ. ಒಂದು, ಏರಿಸಿ ಹೇಳುವುದು. ಮನೆ ಬೇರೆ ದಲಾಲನ ಕೈಗೆ ಹೋಗಬಾರದೆಂದು ೧೮ ಲಕ್ಷದ ಮನೆಗೆ ೨೫ ಲಕ್ಷ ಎಂದುಬಿಡುವುದು. ಮನೆಯವನು ಹಿಗ್ಗುತ್ತಾನೆ. ಕೊಳ್ಳುವವರು ಬಂದು ನೋಡಿ ಹೋಗುತ್ತಾರೆ. ಅಷ್ಟರಲ್ಲಿ ಬಡ್ಡಿ ಬೆಳೆಯುತ್ತದೆ. ಕಡೆಗೆ ಸೋತ ಮನುಷ್ಯ ೧೬ ಲಕ್ಷಕ್ಕೆ ಒಪ್ಪುತ್ತಾನೆ. ಶಿರಹಟ್ಟಿ, ಲಕ್ಷ್ಮೇಶ್ವರಗಳಲ್ಲಿ ಗದಗ-ಯಲವಿಗಿ ರೈಲು ದಾರಿಯ ಮಾತು ಬಹುಕಾಲದಿಂದ ಇದೆ. ಮುಂದೆಂದೋ ಬರುವ ರೈಲಿನ ಹೆಸರಿನಲ್ಲಿ ಇಂದಿನ ಮನೆಗೆ ಬೆಲೆ ಕಟ್ಟುವುದು ಸಲಹೆಯಲ್ಲ, ಆಸೆ ಹಚ್ಚುವುದು.

ಎರಡನೆಯದು, ಇಳಿಸಿ ಹೇಳುವುದು. ಇದರ ಲೆಕ್ಕವನ್ನು ಓದುಗರು ತಾವೇ ಮಾಡಿ ನೋಡಲಿ. ದಲಾಲಿ ನೂರಕ್ಕೆ ೨ ಎಂದು ಹಿಡಿಯೋಣ. ೨೦ ಲಕ್ಷಕ್ಕೆ ಮಾರಿದರೆ ದಲಾಲನಿಗೆ ೪೦ ಸಾವಿರ, ೧೮ ಲಕ್ಷಕ್ಕೆ ಬೇಗ ಮುಗಿಸಿದರೆ ೩೬ ಸಾವಿರ. ನಾಲ್ಕು ಸಾವಿರ ಬಿಟ್ಟು ಆತ ತಿಂಗಳುಗಟ್ಟಲೆ ತಿರುಗಾಟ ಉಳಿಸಿಕೊಂಡ. ಮನೆಯವನು ಕಳಕೊಂಡದ್ದು ೨ ಲಕ್ಷ! ದಲಾಲರೆಲ್ಲ ಕಳ್ಳರೆಂದು ನಾವು ಹೇಳುವುದಿಲ್ಲ. ಬಿಸಿಲಿನಲ್ಲಿ ಅಲೆದು ಹೊಟ್ಟೆ ಹೊರೆಯುವ ದಲಾಲನೂ ದುಡಿಯುವವನೇ. ಆದರೆ ವ್ಯವಹಾರದ ಲೆಕ್ಕವೇ ಹೀಗಿರುವಾಗ ಬರಿಯ ನಂಬಿಕೆಯ ಮೇಲೆ ಬಡವನ ಮನೆಯನ್ನು ಬಿಡಲಾಗದು.

ಕಾನೂನು ಏನನ್ನುತ್ತದೆ? ೧೮೭೨ರ ಭಾರತೀಯ ಕರಾರು ಕಾಯದೆ ಇಂದಿಗೂ ಜಾರಿಯಲ್ಲಿದೆ. ಪ್ರತಿನಿಧಿಯಾದವನು ತನ್ನ ಕಸುಬಿನವರಿಗೆ ಇರಬೇಕಾದ ಕುಶಲತೆಯಿಂದಲೂ ಎಚ್ಚರಿಕೆಯಿಂದಲೂ ಕೆಲಸ ಮಾಡಬೇಕೆಂದು ಅದರ ೨೧೨ನೆಯ ಕಲಮು ಹೇಳುತ್ತದೆ. ೨೧೫ನೆಯ ಕಲಮಿಗೆ ಕೊಟ್ಟ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. ಮಾರಲು ಕೊಟ್ಟ ಆಸ್ತಿಯಲ್ಲಿ ಗಣಿ ಇರುವುದನ್ನು ಕಂಡ ಪ್ರತಿನಿಧಿ ಅದನ್ನು ಮುಚ್ಚಿಟ್ಟು ತಾನೇ ಕೊಂಡರೆ, ಒಡೆಯನು ಆ ಮಾರಾಟವನ್ನು ತಳ್ಳಿಹಾಕಬಹುದು. ನಮ್ಮ ಊರಿನ ಮನೆಗಳಡಿ ಗಣಿ ಇಲ್ಲ ನಿಜ. ಆದರೆ ಹೆಚ್ಚು ಬೆಲೆ ಕೊಡುವ ಗಿರಾಕಿಯ ಸುದ್ದಿಯನ್ನು ಬಚ್ಚಿಟ್ಟು, ತನ್ನವರ ಹೆಸರಿನಲ್ಲಿ ತಾನೇ ಮನೆ ಹಿಡಿಯುವ ದಲಾಲ ಮಾಡುವುದೂ ಇದೇ ಕೆಲಸ.

೨೦೧೬ರ ರೇರಾ ಕಾಯದೆ ಬಂದಿತಲ್ಲ ಎಂದು ಕೆಲವರು ಕೇಳಬಹುದು. ನೋಂದಾಯಿತ ಯೋಜನೆಗಳ ಸೈಟು, ಫ್ಲ್ಯಾಟು ಮಾರಿಸುವ ಏಜೆಂಟರು ಹೆಸರು ನೋಂದಿಸಬೇಕು, ಸುಳ್ಳು ಹೇಳಕೂಡದು ಎಂದು ಅದು ವಿಧಿಸಿದೆ. ಒಳ್ಳೆಯದೇ. ಆದರೆ ಬೆಟಗೇರಿಯ ನೇಕಾರನ ಹಳೆಯ ಮನೆಯನ್ನೋ ಮುಂಡರಗಿಯ ಕಿರಾಣಿ ವ್ಯಾಪಾರಿಯ ಮನೆಯನ್ನೋ ಮಾರಿಸುವ ದಲಾಲನಿಗೆ ಆ ನೋಂದಣಿಯ ಕಟ್ಟು ಇಲ್ಲ.

ದಲಾಲನ ಮಾತೇ ಕೊನೆಯ ಮಾತಾಗಲು ಕಾರಣವೇನು? ನಿಜವಾದ ಬೆಲೆ ಬೇರೆ ಯಾರಿಗೂ ತಿಳಿಯದಿರುವುದು. ೧೯೦೮ರ ನೋಂದಣಿ ಕಾಯದೆಯಂತೆ ಖರೀದಿ ಪತ್ರಗಳ ಪುಸ್ತಕವನ್ನು ಶುಲ್ಕ ಕೊಟ್ಟು ಯಾರೂ ನೋಡಬಹುದು. ಆದರೆ ಅಲ್ಲಿ ಬರೆಸಿದ ಬೆಲೆ ಎಷ್ಟೋ ಸಲ ಸರಕಾರದ ಮಾರ್ಗಸೂಚಿ ದರವೇ; ಉಳಿದದ್ದು ಕೈಯಿಂದ ಕೈಗೆ ರೊಕ್ಕ. ಮಾರ್ಗಸೂಚಿ ದರ ಇರುವುದು ಮುದ್ರಾಂಕ ಶುಲ್ಕ ಲೆಕ್ಕ ಹಾಕಲು. ರಾಜ್ಯದಲ್ಲಿ ಅದನ್ನು ೨೦೨೩ರ ಅಕ್ಟೋಬರದಲ್ಲಿ ಪರಿಷ್ಕರಿಸಿದರು. ಅದನ್ನೇ ತೋರಿಸಿ "ಸರಕಾರದ ರೇಟೇ ಇಷ್ಟು" ಎನ್ನುವವನನ್ನು ನಂಬಬಾರದು. ಸ್ಥಿರಾಸ್ತಿಯ ಮಾರಾಟಕ್ಕೆ ೨೦ ಸಾವಿರ ಅಥವಾ ಅದಕ್ಕೆ ಮಿಕ್ಕಿ ರೋಖು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ. ದಂಡ ಬೀಳುವುದು ಹಣ ಪಡೆದ ಮಾರುವವನ ಮೇಲೆ. ಬಚ್ಚಿಟ್ಟ ಬೆಲೆಯಿಂದ ನೆರೆಯವನೂ ಕುರುಡನಾಗುತ್ತಾನೆ, ನಾಳೆ ತನ್ನ ಮನೆ ಮಾರಹೊರಟ ಆತನಿಗೆ ಆಧಾರವೇ ಸಿಗುವುದಿಲ್ಲ.

ಹಿಂದೆ ಹತ್ತಿಯ ಪೇಟೆಗಳಲ್ಲಿ ರುಮಾಲಿನ ಅಡಿ ಬೆರಳು ಹಿಡಿದು ದರ ಮಾಡುತ್ತಿದ್ದರು. ಗಾಡಿ ತಂದ ರೈತ ಪಕ್ಕದಲ್ಲೇ ನಿಂತಿದ್ದರೂ ಅವನಿಗೆ ದರ ತಿಳಿಯುತ್ತಿರಲಿಲ್ಲ. ಆ ರುಮಾಲನ್ನು ತೆಗೆಸಿದ್ದು ಕಾಯದೆ. ೧೯೬೬ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯದೆ ಇಡೀ ರಾಜ್ಯಕ್ಕೆ ಬಹಿರಂಗ ಸವಾಲಿನ ನಿಯಮ ತಂದಿತು. ಹತ್ತಿಗೆ ಆದದ್ದು ಮನೆಗೇಕೆ ಆಗಬಾರದು?

ಆದುದರಿಂದ ನಮ್ಮ ಬೇಡಿಕೆಗಳು ಇವು. ಹಳೆಯ ಮನೆ ಮಾರಿಸುವ ದಲಾಲರಿಗೂ ಸರಕಾರ ನೋಂದಣಿ ವಿಧಿಸಲಿ. ಬೆಲೆ ಹೇಳುವಾಗ ದಲಾಲನು ಅದರ ಆಧಾರವನ್ನು, ಅಂದರೆ ಅದೇ ಓಣಿಯಲ್ಲಿ ಇತ್ತೀಚೆಗೆ ಮಾರಿದ ಮನೆಗಳ ಬೆಲೆ, ಜಾಗದ ಅಳತೆ, ಕಟ್ಟಡದ ವಯಸ್ಸನ್ನು ಬರೆದು ಕೊಡಲಿ. ಬಂದ ಪ್ರತಿ ಗಿರಾಕಿಯ ಮಾತನ್ನೂ ಮನೆಯವನಿಗೆ ತಿಳಿಸಲಿ. ಎರಡೂ ಕಡೆಯಿಂದ ದಲಾಲಿ ಪಡೆಯುವುದಾದರೆ ಮೊದಲೇ ಹೇಳಲಿ.

ಸರಕಾರ ಏಳುವ ತನಕ ನಾವು ಸುಮ್ಮನೆ ಕೂಡಬೇಕಾಗಿಲ್ಲ. ಕೆಲಸಗಾರರ ಸಂಘಗಳೂ ವ್ಯಾಪಾರಿಗಳ ಸಂಘಗಳೂ ಓಣಿಓಣಿಯ ನಿಜವಾದ ಬೆಲೆಯ ಒಂದು ದಫ್ತರ ಇಡಲಿ. ಮನೆ ಮಾರುವ ಬಂಧುಗಳು ಮೂವರನ್ನು ವಿಚಾರಿಸದೆ ಸಂಚಕಾರ ಹಿಡಿಯದಿರಲಿ, ಪೂರ್ತಿ ಬೆಲೆಯನ್ನು ಖರೀದಿ ಪತ್ರದಲ್ಲಿ ಬರೆಸಲಿ. ಬೆವರಿನಿಂದ ಕಟ್ಟಿದ ಗೋಡೆಗೆ ಎಷ್ಟು ಬೆಲೆಯೆಂದು ತಿಳಿಯುವ ಹಕ್ಕು ಅದನ್ನು ಕಟ್ಟಿದವನಿಗಿದೆ.