ತೊಟ್ಟಿ ದೊಡ್ಡದಿರಲಿ


ಪಾವಗಡ, ಮುಳಬಾಗಿಲು ಸೀಮೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಮಿತಿಮೀರಿದೆ. ಚಾವಣಿಯ ಮಳೆನೀರಿಗೆ ಆ ಭಯವಿಲ್ಲ. ಒಂದು ಚದರ ಮೀಟರಿಗೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ವರ್ಷಕ್ಕೆ 500 ಮಿ.ಮೀ. ಎಂದುಕೊಂಡರೂ 50 ಚದರ ಮೀಟರಿನ ಮನೆಯ ಮೇಲೆ 25,000 ಲೀಟರ್ ಸುರಿಯುತ್ತದೆ. ಸೋರಿ, ಆವಿಯಾಗಿ ಹೋದದ್ದು ಕಳೆದರೂ ಐದು ಜನರ ಕುಡಿಯುವ ನೀರಿಗೆ, ಅಡುಗೆಗೆ ಧಾರಾಳ. ಆದರೆ 500 ಲೀಟರಿನ ಡ್ರಮ್ಮಿಟ್ಟರೆ ಅದು ಹದಿನೈದು ದಿನಕ್ಕೇ ಖಾಲಿ. ಬೇಸಿಗೆಗೆ ಮತ್ತೆ ಅದೇ ಬೋರ್‌ವೆಲ್ ನೀರು. ತೊಟ್ಟಿ ದೊಡ್ಡದಿದ್ದರಷ್ಟೇ ಸಾಲದು; ಮೊದಲ ಮಳೆಯ ಕೊಳೆನೀರನ್ನು ಹೊರಬಿಡದಿದ್ದರೆ, ಸೋಸುವ ಮರಳನ್ನು ತೊಳೆಯದಿದ್ದರೆ ಯಾರೂ ಆ ನೀರು ಕುಡಿಯುವುದಿಲ್ಲ. ಗ್ರಾಮ ಪಂಚಾಯಿತಿಗಳು ಬಡವರ ಮನೆಗೆ ನೆಲದಡಿಯ ದೊಡ್ಡ ತೊಟ್ಟಿ ಕಟ್ಟಿಸಲು ಸಹಾಯಧನ ಕೊಡಲಿ, ಮುಂಗಾರಿಗೆ ಮೊದಲೇ ಮನೆಯ ಹೆಂಗಸರಿಗೂ ಗಂಡಸರಿಗೂ ನಿರ್ವಹಣೆ ಕಲಿಸಲಿ.

– ಓದುಗರೊಬ್ಬರು, ಪಾವಗಡ ತಾಲ್ಲೂಕು