ಬೀರುವಿನಲ್ಲಿ ಸಿಕ್ಕಿದ ರಾಜಕುಮಾರನು

“ಗಣಕಯಂತ್ರದ ಆಟಗಳು ಹುಡುಗರು ಹೊತ್ತುಗಳೆಯುವ ಸಾಧನಗಳು, ಅವುಗಳಿಗೆ ಇತಿಹಾಸವೇನು, ಅವುಗಳನ್ನು ಕಾಪಾಡುವ ಗೊಡವೆಯೇನು?” ಎಂದು ವಿದ್ಯಾವಂತರಲ್ಲಿ ಅನೇಕರು ಕೇಳುವುದುಂಟು. ಆಡಿ ಬಿಸುಟ ಬುಗುರಿಗೂ ರಚಿಸಿದ ಕೃತಿಗೂ ಭೇದವೆಣಿಸದ ಈ ಮಾತು ಎಷ್ಟು ಪೊಳ್ಳಾದುದೆಂದು ತಿಳಿಯಲು ‘ಪ್ರಿನ್ಸ್ ಆಫ್ ಪರ್ಷಿಯಾ’ ಎಂಬ ಒಂದೇ ಆಟದ ವೃತ್ತಾಂತವು ಸಾಕು.

ಅಮೆರಿಕದ ಜಾರ್ಡನ್ ಮೆಕ್ನರನು ರಚಿಸಿದ ಈ ಆಟವನ್ನು 1989ರಲ್ಲಿ ಬ್ರೋಡರ್‌ಬಂಡ್ ಸಂಸ್ಥೆಯು ಆಪಲ್ 2 ಯಂತ್ರಕ್ಕಾಗಿ ಪ್ರಕಟಿಸಿತು. ಸೆರೆಯಲ್ಲಿದ್ದ ತರುಣನೊಬ್ಬನು 60 ನಿಮಿಷಗಳೊಳಗೆ ಕಂದಕಗಳನ್ನು ಹಾರಿ, ಕಾವಲುಗಾರರನ್ನು ಗೆದ್ದು, ವಜೀರನ ಬಂಧನದಲ್ಲಿರುವ ರಾಜಕುಮಾರಿಯನ್ನು ಬಿಡಿಸಬೇಕು, ವಸ್ತುವು ಇಷ್ಟೇ. ಆದರೆ ಅದುವರೆಗಿನ ಇಂಥ ಆಟಗಳ ನಾಯಕರು ಬಹುಮಟ್ಟಿಗೆ ಬೊಂಬೆಗಳಂತೆ ಪುಟಿಯುತ್ತಿದ್ದರೆ, ಇವನು ಮನುಷ್ಯನಂತೆ ಓಡಿದನು, ಅಂಚನ್ನು ಹಿಡಿದು ತೂಗಾಡಿದನು, ಬಿದ್ದು ಸತ್ತನು. ಮೆಕ್ನರನು ತನ್ನ ತಮ್ಮನ ಓಟವನ್ನೂ ನೆಗೆತವನ್ನೂ ಚಿತ್ರೀಕರಿಸಿ, ಅದರ ಒಂದೊಂದು ಭಂಗಿಯನ್ನೂ ತಿದ್ದಿ ಬರೆದುಕೊಂಡಿದ್ದನು. ಕತ್ತಿವರಸೆಗೆ 1938ರ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಲಚ್ಚಿತ್ರದ ಕಾಳಗವನ್ನು ಆಧಾರವಾಗಿಟ್ಟುಕೊಂಡನು. ಸಂಗೀತವನ್ನು ಅವನ ತಂದೆಯೇ ರಚಿಸಿದನು.

ಯಂತ್ರದ ಸ್ಮೃತಿಯಲ್ಲಿ ಹೊಸ ಪಾತ್ರದ ಚಿತ್ರಗಳಿಗೆ ಎಡೆಯಿರಲಿಲ್ಲ. ಆಗ ನಾಯಕನ ಚಿತ್ರಗಳನ್ನೇ ಮಾರ್ಪಡಿಸಿ ಅವನ ನೆರಳನ್ನು ಸೃಷ್ಟಿಸಲಾಯಿತು. ಕನ್ನಡಿಯನ್ನು ಭೇದಿಸಿ ಹಾರುವಾಗ ಹೊರಬೀಳುವ ಆ ನೆರಳನ್ನು ಕೊಂದರೆ ನಾಯಕನೂ ಸಾಯುವನು. ಕತ್ತಿಯನ್ನು ಒರೆಗೆ ಸೇರಿಸಿ ಅದರೊಡನೆ ಒಂದಾದರೆ ಮಾತ್ರ ಮುಂದೆ ದಾರಿಯುಂಟು. ಬಡತನದಲ್ಲಿ ಹುಟ್ಟಿದ ಈ ಕಲ್ಪನೆಯನ್ನು ಆಟಿಕೆಯೆಂದು ತಳ್ಳುವವರು ಕಲೆಯೆಂದು ಯಾವುದನ್ನು ಕರೆಯುವರು?

ಇಂಥ ಕೃತಿಯ ಸಂತತಿಯೇನೋ ಬೆಳೆಯಿತು. 2003ರಲ್ಲಿ ಯೂಬಿಸಾಫ್ಟ್ ಸಂಸ್ಥೆಯ ‘ದಿ ಸ್ಯಾಂಡ್ಸ್ ಆಫ್ ಟೈಮ್’ ಹೊರಬಂದಿತು. 2007ರ ‘ಅಸ್ಯಾಸಿನ್ಸ್ ಕ್ರೀಡ್’ ಸಹ ಈ ಮಾಲೆಯ ಕವಲಾಗಿಯೇ ಆರಂಭವಾಯಿತು. 2010ರಲ್ಲಿ ಚಲಚ್ಚಿತ್ರವೂ ಆಯಿತು. ಆದರೆ ಸೋರ್ಸ್ ಕೋಡ್ ಎಂದು ಕರೆಯಲ್ಪಡುವ ಅದರ ಮೂಲಬರಹವು ಹುಡುಕಿದರೂ ದೊರೆಯದೆ ಹೋಗಿತ್ತು. 2012ರಲ್ಲಿ ಮೆಕ್ನರನ ತಂದೆಯ ಮನೆಯ ಬೀರುವಿನಲ್ಲಿ ಹಳೆಯ ಫ್ಲಾಪಿಗಳ ಪೆಟ್ಟಿಗೆಯೊಂದು ಸಿಕ್ಕಿತು. ಬಲ್ಲವರು ಹಳೆಯ ಯಂತ್ರಗಳನ್ನು ಹೂಡಿ ಅವುಗಳನ್ನು ಓದಿದರು. ಅದೇ ಏಪ್ರಿಲ್ ತಿಂಗಳಲ್ಲಿ ಆ ಬರಹವು ಗಿಟ್‌ಹಬ್ ತಾಣದಲ್ಲಿ ಎಲ್ಲರಿಗೂ ತೆರೆದಿಡಲ್ಪಟ್ಟಿತು.

ಇದನ್ನು ಸುದೈವವೆಂದು ಕೊಂಡಾಡುವವರುಂಟು. ವಸ್ತುತಃ ಇದು ನಾಚಿಕೆಯ ಸಂಗತಿ. ಓಲೆಗರಿಯು ಜೋಪಾನವಾಗಿಟ್ಟರೆ ಶತಮಾನಗಳವರೆಗೆ ಬಾಳೀತು. ಫ್ಲಾಪಿಯ ಮೇಲಣ ಬರಹವು ಗೆದ್ದಲಿನ ನೆರವಿಲ್ಲದೆ ಕೆಲವು ದಶಕಗಳಲ್ಲಿ ತಾನಾಗಿಯೇ ಅಳಿದುಹೋಗುತ್ತದೆ. ಕೃತಿಯ ಉಳಿವು ಒಬ್ಬ ತಂದೆಯ ಬೀರುವನ್ನು ನಂಬಿಕೊಂಡಿರಬೇಕೆ?

ಆಡುವ ಪ್ರತಿಗಳಿರುವಾಗ ಮೂಲವೇಕೆಂದು ಕೆಲವರ ಆಕ್ಷೇಪವು. ಪ್ರತಿಯು ಕಟ್ಟಿದ ಮನೆಯನ್ನು ತೋರಿಸುತ್ತದೆ. ಮೂಲಬರಹವು ಕಟ್ಟಿದ ಬಗೆಯನ್ನು ಕಲಿಸುತ್ತದೆ. ಅದನ್ನೇ ಆಧರಿಸಿ 2018ರಲ್ಲಿ ಆಸಕ್ತರು ಈ ಆಟವನ್ನು ಬಿ.ಬಿ.ಸಿ. ಮಾಸ್ಟರ್ ಎಂಬ ಬೇರೊಂದು ಹಳೆಯ ಯಂತ್ರಕ್ಕೆ ಅಳವಡಿಸಿದರು. ಪ್ರತಿಗಳಾದರೂ ಸುಲಭವಾಗಿ ದೊರೆಯುತ್ತವೆಯೆ? 2010ಕ್ಕೆ ಮೊದಲು ಅಮೆರಿಕದಲ್ಲಿ ಪ್ರಕಟವಾದ ಆಟಗಳಲ್ಲಿ ಶೇಕಡಾ 87ರಷ್ಟು ಮಾರಾಟದಲ್ಲಿಯೇ ಇಲ್ಲವೆಂದು ವೀಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ತೋರಿಸಿಕೊಟ್ಟಿತು.

ಇನ್ನುಳಿದುದು ಒಡೆತನದ ವಾದವು. ಮಾರಾಟ ನಿಂತ ಆಟಗಳನ್ನು ಸಂಶೋಧಕರಿಗೆ ದೂರದಿಂದಲೇ ಒದಗಿಸಲು ಗ್ರಂಥಾಲಯಗಳ ಪರವಾಗಿ ಅನುಮತಿ ಬೇಡಿದಾಗ, 2024ರಲ್ಲಿ ಅಮೆರಿಕದ ಗ್ರಂಥಸ್ವಾಮ್ಯ ಕಚೇರಿಯು ಅದನ್ನು ಪುರಸ್ಕರಿಸಲಿಲ್ಲ. ಜನರು ಸಂಶೋಧನೆಯ ನೆವದಿಂದ ವಿನೋದಕ್ಕಾಗಿ ಆಡಿಬಿಟ್ಟಾರೆಂಬುದು ವಿರೋಧಿಗಳ ಭಯವು! ಕಾದಂಬರಿಯನ್ನು ಯಾರಾದರೂ ಸಂತೋಷದಿಂದ ಓದಿಬಿಟ್ಟಾರೆಂದು ಗ್ರಂಥಾಲಯದ ಬಾಗಿಲನ್ನು ಮುಚ್ಚಿದವರುಂಟೆ? ಮೂಲಬರಹವು ಬಯಲಾಗಿ ಸುಮಾರು ಹನ್ನೆರಡು ವರ್ಷಗಳ ತರುವಾಯವೂ, 2024ರ ಜನವರಿಯಲ್ಲಿ, ಯೂಬಿಸಾಫ್ಟ್ ಅದೇ ಹೆಸರಿನಲ್ಲಿ ‘ದಿ ಲಾಸ್ಟ್ ಕ್ರೌನ್’ ಎಂಬ ಹೊಸ ಆಟವನ್ನು ಮಾರಾಟಕ್ಕೆ ತಂದಿತು. ಹಾನಿಯೆಲ್ಲಿ ಆಯಿತು?

ಪ್ರಕಾಶಕರು ಲಾಭವನ್ನು ಪಡೆಯಲಿ, ಅದು ನ್ಯಾಯವೇ. ಆದರೆ ಮಾರುವುದನ್ನು ನಿಲ್ಲಿಸಿದ ದಿನ ಮೂಲದ ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೆ ಒಪ್ಪಿಸುವ ಕಟ್ಟಳೆಯು ಆಗಲೇಬೇಕು. ತಾನೂ ಮಾರದೆ, ಇತರರಿಗೂ ಕಾಯಗೊಡದೆ ಕೃತಿಯನ್ನು ಕೊಳೆಯಬಿಡುವ ಹಕ್ಕು ಯಾವ ಒಡೆಯನಿಗೂ ಇಲ್ಲ.